ಪಟೇಲರ ಉಯ್ಯಾಲೆಯ ಮೇಲೆ ಶೇಖವ್ವ

ಶೇಖವ್ವ ಆ ಮಾತು ಆಡಬಾರದಿತ್ತು. ಆಡಿದ್ದು ಬೆಂಗಳೂರಿನ ಹೂಡಿಯ ಹಿಟ್ಟಿನ ಗಿರಣಿಯ ಮುಂದೆ, ಪಂಚಮಿಗೆ ಇನ್ನೇನು ನಾಲ್ಕೈದು ದಿನ ಇರುವಾಗ. ಉಂಡಿಗೆ ಕಡಲೆ ಬೀಸಿಸಿಕೊಳ್ಳಲು ಕೊಪ್ಪಳ, ಕುಷ್ಟಗಿ, ಸಿಂಧನೂರು ಕಡೆಯಿಂದ ದುಡಿಯಲು ಬಂದ ಹೆಣ್ಣುಮಕ್ಕಳೆಲ್ಲ ಡಬ್ಬಿ ಹಿಡಿದು ಸಾಲು ನಿಂತಿದ್ದರು. ಗಿರಣಿಯ ಗದ್ದಲಕ್ಕೆ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ಕೂಗಿ ಮಾತಾಡುವಾಗ ಮನುಷ್ಯರು ಸ್ವಲ್ಪ ಜಾಸ್ತಿಯೇ ಮಾತಾಡುತ್ತಾರೆ.

"ಪಂಚಮಿ ಬಂತು, ಜೋಕಾಲಿ ಕಟ್ಟಾಕ ಈ ಊರಾಗ ಒಂದು ಗಿಡ ಇಲ್ಲ ನೋಡ ಯವ್ವಾ," ಎಂದು ಮಹಾನಂದಾ ಕೊರಗಿದಳು. ಅಪಾರ್ಟ್‌ಮೆಂಟ್ ಒಂದರಲ್ಲಿ ಕಸ ಗುಡಿಸುತ್ತಿದ್ದ ಅವಳು ಶೇಖವ್ವನ ಹಳೆಯ ಗೆಳತಿ. "ಇದ್ದ ಗಿಡಕ್ಕೆಲ್ಲ ಕಂಪನಿಯವ್ರು ಲೈಟಿನ ಸರ ಸುತ್ಯಾರ."

"ಗಿಡ ಯಾಕ ಬೇಕ?" ಎಂದಳು ಶೇಖವ್ವ. "ನಮ್ಮನ್ಯಾಗ ಐತಲ್ಲ, ಹಿತ್ತಾಳಿ ಸರಪಳಿ ಜೋಕಾಲಿ. ನಾಕು ಮಂದಿ ಕುಂತ್ರೂ ಅಳ್ಳಾಡಂಗಿಲ್ಲ."

ಅಳ್ಳಾಡುವುದಿಲ್ಲ ಎಂಬುದು ನಿಜವೇ. ಹಲಗೆಯ ಕೆಳಗೆ ಎರಡು ಮರದ ದಿಮ್ಮಿ ಕೊಟ್ಟು, ಸುತ್ತ ಹಗ್ಗ ಕಟ್ಟಿ, 'ದಯವಿಟ್ಟು ಮುಟ್ಟಬೇಡಿ' ಎಂದು ಫಲಕ ನಿಲ್ಲಿಸಿದ ಉಯ್ಯಾಲೆ ಹೇಗೆ ಅಳ್ಳಾಡೀತು? ಆದರೆ 'ನಮ್ಮನ್ಯಾಗ' ಎಂಬುದು ಶುದ್ಧ ಜಂಬ. ಮನೆ ಅವಳದಲ್ಲ. ಅದು ಹೂಡಿಯ ಪಟೇಲ್ ನಂಜಪ್ಪನವರು ಬ್ರಿಟಿಷರ ಕಾಲದಲ್ಲಿ ಕಟ್ಟಿಸಿದ ಬಂಗಲೆ. ಈಗ ಕಲಾ ಮ್ಯೂಸಿಯಂ. ಶೇಖವ್ವ ಅಲ್ಲಿ ಗುಡಿಸಿ ಒರೆಸುವವಳು.

ಅವಳ ಕಡೆಯಲ್ಲಿ ಪಂಚಮಿಯ ವಾರ ಯಾರಾದರೂ 'ನಮ್ಮ ಮನೇಲಿ ಜೋಕಾಲಿ ಇದೆ' ಎಂದರೆ ಅದು ಸುದ್ದಿ ಹೇಳಿದ್ದಲ್ಲ, ಕರೆದದ್ದು. ಬೇರೆ ಕರೆ ಬೇಕಿಲ್ಲ. ಗಟ್ಟಿ ತೊಲೆ ಇದ್ದ ಮನೆಗೆ ಓಣಿಯ ಹೆಣ್ಣುಮಕ್ಕಳೆಲ್ಲ ಹೊಸ ಸೀರೆ ಉಟ್ಟು ಬರುತ್ತಾರೆ, ಜೀಕುತ್ತಾರೆ, ಉಂಡಿ ಕೊಟ್ಟು ಉಂಡಿ ತಿಂದು ಹೋಗುತ್ತಾರೆ. ಬಂದವಳನ್ನು ಜೀಕಗೊಡದೆ ಕಳಿಸಿದ ಮನೆಯನ್ನು ಊರು ಮುಂದಿನ ಪಂಚಮಿಯವರೆಗೂ ಆಡಿಕೊಳ್ಳುತ್ತದೆ. ಇದು ಶೇಖವ್ವನಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಲ್ಲಿ ಇದ್ದೂ ಇದ್ದೂ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಮರೆಯಬಾರದವಳೇ ಮರೆತಿದ್ದಳು. ಯಲಬುರ್ಗಾ ಸೀಮೆಯ ಅವಳ ತವರೂರಿನಲ್ಲಿ ಶೇಖವ್ವ ಜೀಕಲು ನಿಂತಳೆಂದರೆ ಕೆಳಗಿದ್ದವರು ಮಕ್ಕಳನ್ನು ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವಳ ಪಾದ ಬೇವಿನ ಮರದ ಮೇಲಿನ ಟೊಂಗೆಗೆ ತಾಗಿ ಎಲೆ ಉದುರುತ್ತಿದ್ದವು. ಗಂಡ ಯಮನೂರ ಅವಳನ್ನು ಮೊದಲು ನೋಡಿದ್ದೇ ಜೋಕಾಲಿಯ ಮೇಲೆ. ನೆಲದ ಮೇಲೆ ನಿಂತಾಗ ಈ ಹುಡುಗಿ ಹೇಗಿರುತ್ತಾಳೆಂದು ತಿಳಿಯುವ ಮೊದಲೇ ಒಪ್ಪಿಕೊಂಡುಬಿಟ್ಟ. ಆಮೇಲೆ ತಿಳಿಯಿತು. ಆದರೂ ಪಾಪ, ಒಳ್ಳೆಯವನು, ದೂರು ಹೇಳಿದವನಲ್ಲ.

ಗಂಡ ಹೆಂಡತಿ ಬೆಂಗಳೂರಿಗೆ ಬಂದು ಮಹದೇವಪುರ, ಹೂಡಿ, ವೈಟ್‌ಫೀಲ್ಡ್ ಎಂದು ಸುತ್ತಿದರು. ಅವನು ಕಂಬಿ ಕಟ್ಟಿದ, ಅವಳು ಮರಳು ಹೊತ್ತಳು. ಒಂದೊಂದು ಕಟ್ಟಡಕ್ಕೆ ಒಂದೊಂದು ತಗಡಿನ ಶೆಡ್ಡು. ಈಜುಕೊಳ ಇರುವ ಮನೆ ಕಟ್ಟಿ ಮುಗಿಸಿದ ದಿನ ತಮ್ಮ ಶೆಡ್ಡು ತಾವೇ ಬಿಚ್ಚಿ, ತಗಡು ಹೊತ್ತು ಮುಂದಿನ ಸೈಟಿಗೆ ಹೊರಡುವುದು. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಕೂತರೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಏನೆಂದು ಅರ್ಥವಾಗುತ್ತಿತ್ತು. ಶೇಖವ್ವನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ: ಬಿಚ್ಚದಿರುವ ಒಂದು ಸೂರು.

ಅದು ಸಿಕ್ಕಿದ್ದು ತಲೆಯ ಮೇಲಿನ ಮರಳಿನ ಪುಟ್ಟಿಯ ದೆಸೆಯಿಂದ. ಪಟೇಲರ ಬಂಗಲೆಯನ್ನು ಮ್ಯೂಸಿಯಂ ಮಾಡುವ ರಿಪೇರಿ ನಡೆಯುತ್ತಿತ್ತು. ನಡುಮನೆಯ ದೊಡ್ಡ ತೊಲೆಗೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ಅಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಮೈಸೂರು ಶೈಲಿಯ ಚಿತ್ರದ ಮುಂದೆ ಶೇಖವ್ವ ಬಹಳ ಹೊತ್ತು ಅಲುಗದೆ ನಿಂತಿದ್ದನ್ನು ಮ್ಯೂಸಿಯಂ ನಡೆಸುವ ಮಾಲಾ ಮೇಡಂ ಕಂಡರು. ನಿಂತದ್ದು ಯಾಕೆಂದರೆ ಮೇಸ್ತ್ರಿ ಪುಟ್ಟಿ ಇಳಿಸಿಕೊಳ್ಳದೆ ಬೀಡಿ ಸೇದಲು ಹೋಗಿದ್ದ. ಮೇಡಂ ಹತ್ತಿರ ಬಂದು, "ಚಿತ್ರ ಇಷ್ಟ ಆಯ್ತೇನಮ್ಮ?" ಎಂದರು. ತಲೆ ಅಲ್ಲಾಡಿಸಿದರೆ ಮರಳು ಚೆಲ್ಲುತ್ತದೆಂದು ಶೇಖವ್ವ ಬರೀ ಕಣ್ಣು ಮುಚ್ಚಿ ತೆರೆದಳು. ಮೇಡಂ ಅದನ್ನು ಚಿತ್ರದ ಮೇಲಿನ ಭಕ್ತಿ ಎಂದೇ ತಿಳಿದರು. ರಿಪೇರಿ ಮುಗಿದ ಮೇಲೆ ಕೆಲಸಕ್ಕೆ ಕರೆದರು, ಹಿತ್ತಲಿನಲ್ಲಿ ಹೆಂಚಿನ ಒಂದು ರೂಮನ್ನೂ ಕೊಟ್ಟರು.

ಅಬ್ಬಾ, ಆ ರೂಮು. ಮಳೆ ಬಂದರೆ ಸದ್ದೇ ಆಗುತ್ತಿರಲಿಲ್ಲ. ಹೊರಗೇ ನಲ್ಲಿ, ಪಕ್ಕದಲ್ಲಿ ಕರಿಬೇವಿನ ಗಿಡ. ಯಮನೂರ ಮೊದಲ ದಿನ ಗೋಡೆಗೆ ಮೊಳೆ ಹೊಡೆದು ಅಂಗಿ ನೇತುಹಾಕಿ, ಅದನ್ನೇ ನೋಡುತ್ತ ಕೂತಿದ್ದ. ಶೆಡ್ಡಿನಲ್ಲಿ ಮೊಳೆ ಹೊಡೆಯುವ ಹಾಗಿರಲಿಲ್ಲ.

ಮ್ಯೂಸಿಯಂ ಕೆಲಸವೂ ಶೇಖವ್ವನಿಗೆ ಹಿಡಿಸಿತು. ತೊಗಲುಗೊಂಬೆಗಳು, ಮರದ ಮುಖವಾಡಗಳು, ಕಿನ್ನಾಳದ ಬಣ್ಣದ ಮರದ ಗೌರಿ. ಕಿನ್ನಾಳ ಅವಳ ಜಿಲ್ಲೆಯದೇ ಆದ್ದರಿಂದ ಗೌರಿಯನ್ನು ಒರೆಸುವಾಗ ಮಾತ್ರ ನಾಲ್ಕು ಮಾತಾಡುತ್ತಿದ್ದಳು, ಊರ ಕಡೆ ಮಳೆ ಹೇಗಂತೆ ಎಂಬಂಥದು. ಇನ್ನು ನಡುಮನೆಯ ಮಧ್ಯೆ ಆ ಉಯ್ಯಾಲೆ. ಅಂಗೈ ದಪ್ಪದ ಹಲಗೆ, ಹಿತ್ತಾಳೆಯ ಸರಪಣಿ, ಸರಪಣಿಯ ಕೊಂಡಿಗೊಂದು ಗಿಣಿ. ಎದುರು ಗೋಡೆಯ ಮೇಲೆ ಪಟೇಲ್ ನಂಜಪ್ಪನವರ ದೊಡ್ಡ ತೈಲಚಿತ್ರ, ಮೀಸೆಯೇ ಅರ್ಧ ಚಿತ್ರ. ಮೇಡಂ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೇಳಿದ್ದರು: "ನೋಡು ಶೇಖಮ್ಮ, ಬೇರೆ ಏನು ತಪ್ಪಾದ್ರೂ ಸಹಿಸ್ತೀನಿ. ಕೆಲಸದವರು ಈ ಉಯ್ಯಾಲೆ ಮೇಲೆ ಕೂತಿದ್ದು ಕಂಡ್ರೆ ಅವತ್ತೇ ಮನೆಗೆ ಕಳಿಸ್ತೀನಿ." ದಕ್ಷಿಣದವರ ಬಾಯಲ್ಲಿ ಅವಳು ಶೇಖಮ್ಮನೇ. ಅವಳೂ ತಿದ್ದಲು ಹೋಗಿರಲಿಲ್ಲ. ಆರು ವರ್ಷ ಉಯ್ಯಾಲೆಯ ಧೂಳು ಒರೆಸಿದಳು, ಒಮ್ಮೆಯೂ ಕೂರಲಿಲ್ಲ. ಶ್ರಾವಣ ಬಂದಾಗ ಮಾತ್ರ ಆ ಕಡೆ ನೋಡದೆ ಒರೆಸುತ್ತಿದ್ದಳು.

ಆ ವರ್ಷ, ಅಂದರೆ 2012ರಲ್ಲಿ, ಪಂಚಮಿ ಸೋಮವಾರ ಬಿತ್ತು. ಸೋಮವಾರ ಮ್ಯೂಸಿಯಂಗೆ ರಜೆ, ಬೀಗದ ಕೈ ಶೇಖವ್ವನ ಸೊಂಟದಲ್ಲಿ. ಹುತ್ತವಿಲ್ಲದ ಊರಲ್ಲಿ ಕಲ್ಲು ನಾಗಪ್ಪನಿಗೆ ಹಾಲೆರೆದು ಬಂದು, ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಾಗ ಗೇಟಿನ ಹತ್ತಿರ ಬಳೆ ಸದ್ದಾಯಿತು. ಹೋಗಿ ನೋಡಿದರೆ ಮಹಾನಂದಾ. ಹಿಂದೆ ಶಿವಗಂಗಾ, ಪಿ.ಜಿ. ಹಾಸ್ಟೆಲಿನ ಅಡುಗೆಯವಳು, ಮೈಯಲ್ಲಿ ಇಬ್ಬರಿಗಾಗುವಷ್ಟು ಇದ್ದಳು. ಅವಳ ಹಿಂದೆ ಗಿರಣಿಯ ಸಾಲು ಪೂರ್ತಿ. ಎಲ್ಲರೂ ಇಳಕಲ್ ಸೀರೆ ಉಟ್ಟಿದ್ದರು, ಕೈಯಲ್ಲಿ ಸ್ಟೀಲ್ ಡಬ್ಬಿ ಹಿಡಿದಿದ್ದರು, ಮುಡಿ ತುಂಬ ಹೂವಿತ್ತು.

"ಎಲ್ಲೈತಿ ನಿಮ್ಮನಿ ಜೋಕಾಲಿ?" ಎಂದಳು ಮಹಾನಂದಾ.

ಶೇಖವ್ವ ಗೇಟಿನ ಚಿಲಕದಿಂದ ಕೈ ತೆಗೆದಳು. ಒಳಗೆ ಕರೆದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ರೂಮು, ರೂಮಿನ ಜೊತೆ ನಲ್ಲಿ, ಕರಿಬೇವು, ಯಮನೂರನ ಮೊಳೆ. ವಾಪಸ್ ಕಳಿಸಿದರೆ ಮುಂದೆ ಯಾವ ಮುಖ ಹೊತ್ತು ಗಿರಣಿಗೆ ಹೋಗುವುದು? ಇವರಲ್ಲಿ ಅರ್ಧ ಜನ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಒಬ್ಬೊಬ್ಬರ ಮುಖವೂ ಮದುವೆಗೆ ಬಂದವರ ಹಾಗೆ ಹೊಳೆಯುತ್ತಿತ್ತು. ಗೇಟಿನ ಸರಳು ಹಿಡಿದು ಶೇಖವ್ವ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಅವಳಿಗೆ ಒಂದು ದಾರಿ ಹೊಳೆಯಿತು. ಮೇಡಂ ಹೇಳಿದ್ದೇನು? ಕೆಲಸದವರು ಕೂರಬಾರದು. ಇವರು ಯಾರೂ ಇಲ್ಲಿ ಕೆಲಸದವರಲ್ಲ.

"ಬರ್ರಿ," ಎಂದು ಗೇಟು ತೆಗೆದಳು. "ಚಪ್ಪಲಿ ಹೊರಗ ಬಿಡ್ರಿ. ಡಬ್ಬಿ ಗೊಂಬಿ ಹತ್ರ ಇಡಬ್ಯಾಡ್ರಿ. ಗೌರಿಗೆ ಕೈ ಮುಗೀರಿ, ಕುಂಕುಮ ಹಚ್ಚಬ್ಯಾಡ್ರಿ. ಎಲ್ಲಾರೂ ಜೀಕ್ರಿ. ನಾ ಮಾತ್ರ ಜೀಕಂಗಿಲ್ಲ, ನನಗ ಮೇಡಂ ಬ್ಯಾಡ ಅಂದಾರ."

ಹಗ್ಗ ಬಿಚ್ಚಿದರು, ದಿಮ್ಮಿ ಸರಿಸಿದರು. ಮೊದಲು ಯಾರು? ಊರಲ್ಲಿ ಹೊಸ ಜೋಕಾಲಿಗೆ ಮೊದಲು ಕೂರುವುದು ಗುಂಪಿನಲ್ಲಿ ಎಲ್ಲರಿಗಿಂತ ದಪ್ಪಗಿರುವವಳು. ಅವಳನ್ನು ತಡೆದರೆ ಊರನ್ನೇ ತಡೆಯುತ್ತದೆ ಎಂಬ ನಂಬಿಕೆ. ಎಲ್ಲರೂ ಶಿವಗಂಗಾಳ ಕಡೆ ತಿರುಗಿದರು. "ಯಾಕ ನನ್ನ ನೋಡ್ತೀರಿ?" ಎಂದು ಅವಳು ಸಿಟ್ಟು ಮಾಡಿದಳು, ಆದರೆ ಆಗಲೇ ಸೆರಗು ಸಿಕ್ಕಿಸಿಕೊಂಡಿದ್ದಳು. ಕೂತಳು. ಹಲಗೆ ಕುಯ್ಯೋ ಎಂದಿತು. ಎಲ್ಲರೂ ಉಸಿರು ಬಿಗಿಹಿಡಿದು ತೊಲೆ ನೋಡಿದರು. ಆ ತೊಲೆಯ ಆಸರೆಗೆ ಸಿಮೆಂಟ್ ಹೊತ್ತವಳು ಶೇಖವ್ವನೇ ಆದ್ದರಿಂದ ಅವಳು ಉಳಿದವರಿಗಿಂತ ಕೊಂಚ ಕಡಿಮೆ ಹೆದರಿದಳು. ತೊಲೆ ಮಿಸುಕಲಿಲ್ಲ. ಶಿವಗಂಗಾ ಕಾಲು ಒತ್ತಿದಳು, ಒಮ್ಮೆ ಹೋಗಿ ಬಂದಳು, ಇನ್ನೊಮ್ಮೆ ಹೋಗಿ ಬಂದಳು, ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಅಲ್ಲಿಂದ ಮುಂದೆ ಹಿಡಿಯುವವರಿಲ್ಲ. ಪಟೇಲರ ಉಯ್ಯಾಲೆ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಮೆಲ್ಲಗೆ ತೂಗಿಕೊಳ್ಳಲು ಮಾಡಿಸಿದ್ದು. ಇವರು ಇಬ್ಬಿಬ್ಬರು ಎದುರುಬದುರು ನಿಂತು, ಮೊಣಕಾಲು ಮಡಚಿ ಮಡಚಿ ಜೀಕಿದರು. ಮಹಾನಂದಾ ಮೇಲಿನ ಜಗಲಿಯ ಕಟಾಂಜನದ ಮರದ ಕಂಬಿಯ ಎತ್ತರ ಹೋಗಿ ಅಲ್ಲಿದ್ದ ಮುಖವಾಡಗಳಿಗೆ ನಮಸ್ಕಾರ ಹೇಳಿ ಬಂದಳು. ಮುಡಿಯ ಹೂವು ಉದುರಿ ನೆಲವೆಲ್ಲ ಸೇವಂತಿಗೆಯಾಯಿತು. ಒಬ್ಬಳು ಇಳಿದವಳೇ ತಲೆ ತಿರುಗಿ ಇನ್ನೊಬ್ಬಳ ಮಡಿಲಲ್ಲಿ ಕೂತುಬಿಟ್ಟಳು. ಉಂಡಿಗಳು ಕೈಯಿಂದ ಕೈಗೆ ಹೋದವು. ಶೇಖವ್ವ ಪಕ್ಕಕ್ಕೆ ನಿಂತು ಎಲ್ಲರನ್ನೂ ತೂಗಿದಳು. ತೂಗುತ್ತ ತೂಗುತ್ತ ಅವಳ ಮೊಣಕಾಲು ತಮ್ಮಷ್ಟಕ್ಕೆ ಮಡಚಿಕೊಳ್ಳುತ್ತಿದ್ದವು. ಆದರೂ ಮಾತು ಎಂದರೆ ಮಾತು, ಕೂರಲಿಲ್ಲ.

ಸರಪಣಿ ಕಿರ್ ಕಿರ್ ಎನ್ನುವ ಸದ್ದು ಕಿಟಕಿಯಿಂದ ಹೊರಗೆ ಹೋಯಿತು. ಎದುರಿನ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ ಕೃಷ್ಣಮ್ಮನವರಿಗೆ ಕೇಳಿಸಿತು. ಅವರು ಪಟೇಲರ ಸೊಸೆ, ಈಗ ಬಂಗಲೆಯ ಒಡತಿ. ಹುಣಿಸೆ ತೋಪಿದ್ದ ಜಾಗದಲ್ಲಿ ಮಗ ಗೋಪಾಲಪ್ಪ ಅಪಾರ್ಟ್‌ಮೆಂಟ್ ಕಟ್ಟಿಸಿದ ಮೇಲೆ ಅಲ್ಲಿದ್ದರು, ಹಳೆಯ ಮನೆಯನ್ನು ಮ್ಯೂಸಿಯಂಗೆ ಬಿಟ್ಟುಕೊಟ್ಟಿದ್ದರು. ಊರುಗೋಲು ಹಿಡಿದು ಲಿಫ್ಟಿನಲ್ಲಿ ಇಳಿದು ಅವರು ಬಾಗಿಲಲ್ಲಿ ಬಂದು ನಿಂತಾಗ ನಗು ಒಮ್ಮೆಲೇ ನಿಂತಿತು. ಉಯ್ಯಾಲೆ ಮಾತ್ರ ತಾನೇ ಇನ್ನೆರಡು ಸಲ ತೂಗಿತು.

"ಸರಪಣಿಗೆ ಎಣ್ಣೆ ಆಕಿಲ್ವೇನ್ರಮ್ಮಿ?" ಎಂದರು ಕೃಷ್ಣಮ್ಮನವರು.

ಅವರು ಹತ್ತಿರ ಬಂದು ಸರಪಣಿಯ ಗಿಣಿಯೊಂದನ್ನು ಹೆಬ್ಬೆರಳಿನಿಂದ ಸವರಿದರು. "ನಾನು ಈ ಮನೆಗೆ ಬಂದಾಗ ಇನ್ನೂ ಉಡುಗಿ. ಬೆಳಗಾಗೆದ್ದು ಇದಕ್ಕೆ ಅರಳೆಣ್ಣೆ ಆಕೋದೇ ನನ್ನ ಕೆಲ್ಸ. ಮಾವನೋರು ಕುಂತ್ರು, ಆಮೇಲೆ ಯಜಮಾನ್ರು ಕುಂತ್ರು. ಎಂಗಸ್ರು ಕುಂತ್ರೆ ಸರಪಣಿ ಕಿತ್ತೋಯ್ತದೆ ಅನ್ನೋರು."

"ಶಿವಗಂಗಾ ಕುಂತಾಳ್ರಿ ಅಮ್ಮಾರ," ಎಂದಳು ಶೇಖವ್ವ. "ಕಿತ್ತಿಲ್ರಿ."

ಕೃಷ್ಣಮ್ಮನವರು ಶಿವಗಂಗಾಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಊರುಗೋಲನ್ನು ಮಹಾನಂದಾಳ ಕೈಗೆ ಕೊಟ್ಟು, ಮಾವನವರ ಚಿತ್ರಕ್ಕೆ ಬೆನ್ನು ಮಾಡಿ, ಹಲಗೆಯ ಮೇಲೆ ಕೂತರು. ಅರವತ್ತು ವರ್ಷದ ಮೇಲೆ ತನ್ನ ಮನೆಯ ಉಯ್ಯಾಲೆಯಲ್ಲಿ ಮೊದಲ ಸಲ ಕೂತ ಮುದುಕಿಯ ಮುಖ ಹೇಗಿತ್ತೆಂದರೆ, ಶೇಖವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೆಲ್ಲಗೆ ತೂಗಿದಳು.

"ನಿಧಾನ ಕಣಮ್ಮಿ," ಎಂದರು ಕೃಷ್ಣಮ್ಮನವರು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟೊಂದು ನಿಧಾನ ಏನೂ ಬ್ಯಾಡ," ಎಂದರು.

ಮಾಲಾ ಮೇಡಂ ಬಂದದ್ದು ಆಗಲೇ. ಮನೆಯಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಲು ಬಂದಿದ್ದರು. ಬಾಗಿಲಲ್ಲಿ ಚಪ್ಪಲಿಯ ರಾಶಿ ದಾಟಿ ಒಳಗೆ ಕಾಲಿಟ್ಟರೆ ನೆಲದ ತುಂಬ ಹೂವು, ಉಂಡಿಯ ಪುಡಿ, ಮ್ಯೂಸಿಯಂ ಶುರುವಾದಾಗಿನಿಂದ ಒಟ್ಟಿಗೆ ಇಷ್ಟು ಜನ ಬಂದದ್ದೇ ಇಲ್ಲ ಎನ್ನುವಷ್ಟು ಜನ. ಉಯ್ಯಾಲೆಯ ಮೇಲೆ ಕೃಷ್ಣಮ್ಮನವರು. ಒಡತಿಯನ್ನು ಬಯ್ಯುವ ಹಾಗಿಲ್ಲ. ಅವರನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸುವವರೆಗೂ ಮೇಡಂ ತುಟಿ ಬಿಗಿಹಿಡಿದಿದ್ದರು. ಆಮೇಲೆ ಶೇಖವ್ವನ ಕಡೆ ತಿರುಗಿದರು.

"ಇದು ನೂರು ವರ್ಷದ ಹಿಂದಿನ ಉಯ್ಯಾಲೆ ಶೇಖಮ್ಮ. ಕೊಂಡಿ ಕಿತ್ತು ಯಾರಿಗಾದ್ರೂ ಸೊಂಟ ಮುರಿದಿದ್ರೆ? ಕೃಷ್ಣಮ್ಮನವರಿಗೇ ಏನಾದ್ರೂ ಆಗಿದ್ರೆ? ನಿನ್ನ ನಂಬಿ ಬೀಗದ ಕೈ ಕೊಟ್ಟಿದ್ದೆ ನಾನು."

"ನಾ ಕುಂತಿಲ್ರಿ ಮೇಡಂ," ಎಂದಳು ಶೇಖವ್ವ. "ನೀವು ಕೆಲಸದವ್ರು ಕುಂದ್ರಬಾರದು ಅಂದಿದ್ರಿ. ಆರು ವರ್ಷಾತು, ಕುಂತಿಲ್ಲ. ಬೇಕಾರ ಇವ್ರನ್ನ ಕೇಳ್ರಿ."

ಇದನ್ನು ಕೇಳಿ ಮೇಡಂಗೆ ಸಿಟ್ಟು ಇಳಿಯುವ ಬದಲು ಏರಿತು. "ಸಾಕು. ನಿನ್ನ ಕೆಲಸ ಇಲ್ಲಿಗೆ ಮುಗೀತು. ಕೀ ಕೊಡು. ರೂಮೂ ಖಾಲಿ ಮಾಡು."

ಶೇಖವ್ವ ಸೊಂಟದ ಕೀ ಗೊಂಚಲು ಬಿಚ್ಚಿದಳು. ಯಮನೂರನಿಗೆ ಏನು ಹೇಳುವುದು, ಮತ್ತೆ ಎಲ್ಲಿಯ ತಗಡು, ಎಲ್ಲಿಯ ಸೈಟು ಎಂದು ಚಿಂತಿಸಿದಳು. ಕೀ ಮೇಡಂ ಕೈಗೆ ಹೋಯಿತು. ಸೊಂಟ ಹಗುರವಾಯಿತು. ಹಗುರವಾದ ಕೂಡಲೇ ಅವಳ ತಲೆಗೆ ಒಂದು ವಿಷಯ ಬಂತು.

"ಮೇಡಂ," ಎಂದಳು, "ಅಂದ್ರ ನಾ ಈಗ ಇಲ್ಲಿ ಕೆಲಸದಾಕಿ ಅಲ್ಲ, ಹೌದಲ್ರಿ?"

"ಅಲ್ಲ," ಎಂದರು ಮೇಡಂ.

"ಖರೇನ?"

"ಹೌದಮ್ಮ, ಅಲ್ಲ."

ಶೇಖವ್ವ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೀರೆಯ ನೆರಿಗೆ ಎತ್ತಿ ಕಚ್ಚೆ ಹಾಕಿದಳು. ಹಲಗೆಯ ಮೇಲೆ ಹತ್ತಿ, ಎರಡೂ ಕೈಯಲ್ಲಿ ಸರಪಣಿಯ ಗಿಣಿಗಳನ್ನು ಹಿಡಿದು ನೆಟ್ಟಗೆ ನಿಂತಳು. ಮೇಡಂಗೆ ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಅವಳು ಮೊಣಕಾಲು ಮಡಚಿ ಮೊದಲ ಜೀಕು ಜೀಕಿಯಾಗಿತ್ತು.

ಉಳಿದವರು ಇಷ್ಟು ಹೊತ್ತು ಮಾಡಿದ್ದು ಆಟ. ಇದು ಬೇರೆ. ಎರಡನೆಯ ಜೀಕಿಗೆ ಕಟಾಂಜನ ದಾಟಿದಳು, ಮೂರನೆಯದಕ್ಕೆ ಹೂವು ನೆಲದಿಂದ ಎದ್ದು ಮೂಲೆಗೆ ಹೋದವು. ತೊಗಲುಗೊಂಬೆಗಳು ತಂತಿಯ ಮೇಲೆ ಪಟಪಟ ಕುಣಿದವು. ಶಿವಗಂಗಾ "ಯವ್ವಾ" ಎಂದು ಕಣ್ಣು ಮುಚ್ಚಿ, ಬೆರಳ ಸಂದಿಯಿಂದ ನೋಡಿದಳು. ಮೇಡಂ ಹೆಗಲ ಮೇಲಿನ ಬ್ಯಾಗು ಮೊಣಕೈಗೆ ಜಾರಿದರೂ ಬಾಯಿ ತೆರೆದು ಹಾಗೇ ನಿಂತಿದ್ದರು. ಶೇಖವ್ವನ ಹೊಟ್ಟೆ ಕೆಳಗಿಳಿದು ಗಂಟಲಿಗೆ ಏರಿತು, ಕಿವಿಯಲ್ಲಿ ಗಾಳಿ ಹೊಕ್ಕಿತು. ಹೆದರಿಕೆ, ಸಂಕಟ, ತಗಡಿನ ಶೆಡ್ಡು ಎಲ್ಲ ಕೆಳಗೇ ಉಳಿದವು. ಅವಳಿಗೆ ಬಹಳ ಬಹಳ ಸಂತೋಷವಾಯಿತು.

ಗಾಳಿಯ ರಭಸಕ್ಕೆ ಗೋಡೆಯ ಮೇಲಿನ ಪಟೇಲರ ಚಿತ್ರ ಒಂದು ಕಡೆಗೆ ವಾಲಿತು. ಮೀಸೆಯ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ.

"ಮಾವನೋರ್ಗೆ ತಲೆ ತಿರುಗ್ತಾ ಐತೆ," ಎಂದರು ಕೃಷ್ಣಮ್ಮನವರು.

ಮೇಡಂ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಕೆನ್ನೆ ಕಚ್ಚಿಕೊಂಡರು, ತೊಲೆ ನೋಡಿದರು, ಫಲಕ ನೋಡಿದರು. ಮತ್ತೊಮ್ಮೆ ಪಟೇಲರನ್ನು ನೋಡಿದ್ದೇ ತಪ್ಪಾಯಿತು. ನಗು ಮೂಗಿನಿಂದ ಬಂತು. ಅದನ್ನೇ ಕಾಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕರು.

"ಕೆಲ್ಸದಿಂದ ತೆಗೆದ್ಯಲ್ಲ ಮಗಾ," ಎಂದು ಕೃಷ್ಣಮ್ಮನವರು ಮೇಡಂ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು. "ನಾಳಿಂದ ಸರಪಣಿಗೆ ಅರಳೆಣ್ಣೆ ಆಕೋರ್ಯಾರು? ನಾನಂತೂ ಇನ್ ಆಕಾಕಿಲ್ಲ. ನಂಗೀಗ ಕುಂತು ಅಭ್ಯಾಸ ಆಗೋಯ್ತು."

ಮೇಡಂ ಕಣ್ಣು ಒರೆಸಿಕೊಂಡರು. ಕೈಯಲ್ಲಿದ್ದ ಕೀ ಗೊಂಚಲನ್ನು ನೋಡಿದರು, ಬಂದುಹೋಗುತ್ತಿದ್ದ ಶೇಖವ್ವನ ಪಾದಗಳನ್ನು ನೋಡಿದರು.

"ಶೇಖವ್ವಾ," ಎಂದು ಕೂಗಿದರು. ಆ ಹೆಸರನ್ನು ಸರಿಯಾಗಿ ಕರೆದದ್ದು ಅದೇ ಮೊದಲು. "ನಾಳೆ ಬೆಳಿಗ್ಗೆ ಬೇಗ ಬಂದು ಇದನ್ನೆಲ್ಲ ಗುಡಿಸಬೇಕು. ಉಂಡಿ ಪುಡಿಗೆ ಇರುವೆ ಬರತ್ತೆ. ಕೇಳಿಸ್ತಾ?"

ಕೇಳಿಸಿತು. ಶೇಖವ್ವ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದಳು.

"ನಾಳಿಂದನ್ರಿ ಮೇಡಂ?" ಎಂದು ಮೇಲಿನಿಂದ ಕೇಳಿದಳು. "ಇವತ್ತಿಂದ ಅಲ್ಲಲ್ಲ?"

"ನಾಳೆಯಿಂದ," ಎಂದರು ಮೇಡಂ.

"ಹಂಗಾರ ಇವತ್ತ ನಾ ಇನ್ನೂ ಕೆಲಸದಾಕಿ ಅಲ್ರಿ," ಎಂದು ಶೇಖವ್ವ ಇನ್ನೂ ಜೋರಾಗಿ ಮೊಣಕಾಲು ಮಡಚಿದಳು. ಈ ಸಲ ಎಷ್ಟು ಎತ್ತರ ಹೋದಳೆಂದರೆ ಗೋಡೆಯ ಮೇಲಿನ ಕಿಂಡಿಯಿಂದ ಹಿತ್ತಲು ಕಂಡಿತು. ಕೆಂಪು ಹೆಂಚಿನ ರೂಮು ಅಲ್ಲೇ ಇತ್ತು. ನಲ್ಲಿಯ ಹತ್ತಿರ ಯಮನೂರ ಬಾಯ್ತುಂಬ ಉಂಡಿ ತುಂಬಿಕೊಂಡು ತನ್ನ ಅಂಗಿ ಹಿಂಡುತ್ತಿದ್ದ.